ಕೌಟುಂಬಿಕ ದೌರ್ಜನ್ಯ, ಆತ್ಮರಕ್ಷಣೆ ಮತ್ತು ತಡೆ: ಒಂದು ವಿಮರ್ಶಾತ್ಮಕ ಅವಲೋಕನ

1

ಕೌಟುಂಬಿಕ ದೌರ್ಜನ್ಯವನ್ನು ಕುರಿತ ಸಾರ್ವಜನಿಕ ಚರ್ಚೆಯಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಹೊಡೆತ ತಿಂದ ಹೆಣ್ಣು ಆ ಮನೆಯನ್ನು ಬಿಟ್ಟು ಏಕೆ ಹೊರಬರಲಿಲ್ಲ ಎಂಬುದು ಮೊದಲನೆಯದು. ಅವಳು ತಿರುಗಿ ಕೈಯೆತ್ತಿದ ಪಕ್ಷದಲ್ಲಿ, ಆ ಗಳಿಗೆಯಲ್ಲಿ ಅವಳ ಪ್ರಾಣಕ್ಕೆ ನಿಜವಾಗಿಯೂ ಅಪಾಯವಿತ್ತೇ ಎಂಬುದು ಎರಡನೆಯದು. ಎರಡೂ ಪ್ರಶ್ನೆಗಳು ಹೆಣ್ಣನ್ನೇ ಉತ್ತರ ಹೇಳಬೇಕಾದ ಸ್ಥಾನದಲ್ಲಿ ನಿಲ್ಲಿಸುತ್ತವೆ. ಅವಳು ಮೊದಲ ಸಲ ತನ್ನ ಸಂಕಟವನ್ನು ಹೇಳಿಕೊಂಡಾಗ ಕೇಳಿಸಿಕೊಂಡವರು ಏನು ಮಾಡಿದರು ಎಂಬ ಮೂರನೆಯ ಪ್ರಶ್ನೆ ಮಾತ್ರ ಅಪರೂಪವಾಗಿಯೇ ಉಳಿದಿದೆ.

ಆತ್ಮರಕ್ಷಣೆಯ ಪ್ರಶ್ನೆ ಕಾನೂನು ತಜ್ಞರದು, ತಡೆಯ ಪ್ರಶ್ನೆ ಸಮಾಜಕಲ್ಯಾಣ ಇಲಾಖೆಗಳದು ಎಂಬ ವಿಂಗಡಣೆ ನಮ್ಮಲ್ಲಿ ಬೇರೂರಿದೆ. ಈ ವಿಂಗಡಣೆ ತರ್ಕಬದ್ಧವಾದುದಲ್ಲ. ಮೊದಲನೆಯ ಪ್ರಶ್ನೆಗೆ ಕಾನೂನು ಕೊಡುವ ಉತ್ತರವೇ ಎರಡನೆಯದನ್ನು ಅವಲಂಬಿಸಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕಾಗಿ ಕೆಲವು ನ್ಯಾಯಾಲಯದ ತೀರ್ಪುಗಳನ್ನೂ ಕನ್ನಡದ ಎರಡು ಕೃತಿಗಳನ್ನೂ ಒಟ್ಟಿಗೆ ಇಟ್ಟು ನೋಡಲಾಗಿದೆ.

2

ಭಾರತೀಯ ದಂಡ ಸಂಹಿತೆ 1860ರಲ್ಲಿ ರೂಪುಗೊಂಡಾಗ ಆತ್ಮರಕ್ಷಣೆಯ ಹಕ್ಕನ್ನು ಉದಾರವಾಗಿಯೇ ಮಾನ್ಯಮಾಡಿತು. ದೇಹಕ್ಕೆ ಅಪಾಯ ಒದಗುವುದೆಂಬ ಸಕಾರಣವಾದ ಭೀತಿ ಹುಟ್ಟಿದೊಡನೆ ಈ ಹಕ್ಕು ಆರಂಭವಾಗುತ್ತದೆ. ಆ ಭೀತಿ ಇರುವಷ್ಟು ಕಾಲವೂ ಮುಂದುವರಿಯುತ್ತದೆ. ಆದರೆ 99ನೇ ಕಲಂ ಇದಕ್ಕೊಂದು ಮಿತಿಯನ್ನು ಹಾಕಿತು. ಸಾರ್ವಜನಿಕ ಅಧಿಕಾರಿಗಳ ರಕ್ಷಣೆಯನ್ನು ಪಡೆಯಲು ಸಮಯವಿದ್ದ ಸಂದರ್ಭದಲ್ಲಿ ಆತ್ಮರಕ್ಷಣೆಯ ಹಕ್ಕು ಇರುವುದಿಲ್ಲ ಎಂಬುದೇ ಆ ಮಿತಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಈ ನಿಯಮವನ್ನು ಹಾಗೆಯೇ ಉಳಿಸಿಕೊಂಡಿದೆ.

ಈ ನಿಯಮದ ಹಿಂದಿನ ತತ್ತ್ವವನ್ನು ಅಲ್ಲಗಳೆಯಲಾಗದು. ಬಲಪ್ರಯೋಗದ ಅಧಿಕಾರ ಪ್ರಭುತ್ವದ ಕೈಯಲ್ಲಿರಬೇಕು, ವ್ಯಕ್ತಿಗಳ ಕೈಯಲ್ಲಲ್ಲ. ಆದರೆ ಇದು ಒಂದು ಬಗೆಯ ಒಪ್ಪಂದ ಎಂಬುದನ್ನು ಮರೆಯುವಂತಿಲ್ಲ. ಪ್ರಜೆ ತನ್ನ ಕೈಯನ್ನು ತಡೆದುಕೊಳ್ಳುತ್ತಾನೆ. ಪ್ರತಿಯಾಗಿ ಪ್ರಭುತ್ವ ರಕ್ಷಣೆಯ ಹೊಣೆಯನ್ನು ಹೊರುತ್ತದೆ. ಬೀದಿಯಲ್ಲಿ ಅಪರಿಚಿತರಿಬ್ಬರು ಎದುರಾಗುವ ಜಗಳದಲ್ಲಿ ಈ ಒಪ್ಪಂದ ಸರಿಯಾಗಿಯೇ ಕೆಲಸಮಾಡುತ್ತದೆ. ವರ್ಷಗಟ್ಟಲೆ ಒಂದೇ ಸೂರಿನಡಿ ನಡೆಯುವ ಹಿಂಸೆಯಲ್ಲಿ ಅದು ಏನಾಗುತ್ತದೆ? ಅಲ್ಲಿ ಎರಡು ಹೊಡೆತಗಳ ನಡುವೆ ಸಮಯವೇನೋ ಧಾರಾಳವಾಗಿರುತ್ತದೆ, ಇರುವುದಿಲ್ಲವಾದುದು ರಕ್ಷಣೆ. ಕಾನೂನು ಸಮಯವನ್ನು ಲೆಕ್ಕಹಾಕುತ್ತದೆ, ರಕ್ಷಣೆ ಇದೆಯೆಂದು ಭಾವಿಸಿಕೊಳ್ಳುತ್ತದೆ.

'ಗಂಭೀರ ಹಾಗೂ ಹಠಾತ್ ಪ್ರಚೋದನೆ' ಎಂಬ ವಿನಾಯಿತಿಯ ಕಥೆಯೂ ಇಂಥದೇ. ಕೊಲೆಯ ಆರೋಪವನ್ನು ತಗ್ಗಿಸಬಲ್ಲ ಈ ವಿನಾಯಿತಿಯನ್ನು ನಾನಾವತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1961ರಲ್ಲಿ ವಿಸ್ತಾರವಾಗಿ ಪರಿಶೀಲಿಸಿತು. ಹೆಂಡತಿಯ ಪರಪುರುಷ ಸಂಬಂಧ ತಿಳಿದ ನೌಕಾಧಿಕಾರಿ ಕೆಲವು ಗಂಟೆಗಳ ಅನಂತರ ಆ ಪುರುಷನನ್ನು ಗುಂಡಿಟ್ಟು ಕೊಂದಿದ್ದನು. ಮನಸ್ಸು ತಣಿಯುವಷ್ಟು ಕಾಲ ಕಳೆದಿತ್ತಾದ್ದರಿಂದ ವಿನಾಯಿತಿ ಸಲ್ಲದೆಂದು ನ್ಯಾಯಾಲಯ ತೀರ್ಮಾನಿಸಿತು. ಹಿಂದಿನ ವರ್ತನೆಯಿಂದ ರೂಪುಗೊಂಡ ಮನಃಸ್ಥಿತಿಯನ್ನೂ ಪರಿಗಣಿಸಬಹುದೆಂದು ಅದೇ ತೀರ್ಪು ಹೇಳಿತಾದರೂ, ಕಾಲ ಕಳೆದಂತೆ ಸಿಟ್ಟು ತಣಿಯುತ್ತದೆ ಎಂಬ ಗ್ರಹಿಕೆಯೇ ಮುಂದೆ ಪ್ರಬಲವಾಯಿತು. ನಿತ್ಯ ಹಿಂಸೆಗೆ ಒಳಗಾದವಳ ವಿಷಯದಲ್ಲಿ ಕಾಲ ಕಳೆದಂತೆ ಭೀತಿ ತಣಿಯುವುದಿಲ್ಲ, ಹೆಪ್ಪುಗಟ್ಟುತ್ತದೆ. ಈ ವ್ಯತ್ಯಾಸಕ್ಕೆ ಆ ಗ್ರಹಿಕೆಯಲ್ಲಿ ಎಡೆಯಿಲ್ಲ.

ಇದಕ್ಕೆ ಎಡೆ ಮಾಡಿಕೊಟ್ಟದ್ದು ಒಂದು ಜನಪದ ಕಥನ ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಕುತೂಹಲಕರವಾದ ಸಂಗತಿ. ಸಂಸಾರದ ಹಿಂಸೆ ತಾಳಲಾರದೆ ಮಕ್ಕಳೊಡನೆ ಬಾವಿಗೆ ಹಾರಿ, ತಾನು ಬದುಕುಳಿದು ಕೊಲೆಯ ಆರೋಪ ಹೊತ್ತ ತಾಯಿಯೊಬ್ಬಳ ಪ್ರಕರಣವನ್ನು 1989ರಲ್ಲಿ ನಿರ್ಣಯಿಸುವಾಗ ಮದರಾಸು ಉಚ್ಚ ನ್ಯಾಯಾಲಯವು ತಮಿಳಿನ ನಲ್ಲತಂಗಾಳ್ ಕಥೆಯನ್ನು ನೆನೆಯಿತು. ಬರಗಾಲದಲ್ಲಿ ಅಣ್ಣನ ಮನೆಗೆ ಬಂದು, ಅತ್ತಿಗೆಯಿಂದ ಅವಮಾನಿತಳಾಗಿ, ಏಳು ಮಕ್ಕಳನ್ನೂ ಬಾವಿಗೆಸೆದು ತಾನೂ ಹಾರಿದವಳು ನಲ್ಲತಂಗಾಳ್. 'ಹಠಾತ್' ಪ್ರಚೋದನೆಯಂತೆ 'ನಿರಂತರ' ಪ್ರಚೋದನೆಯೂ ಉಂಟು. ಅದೂ ವಿನಾಯಿತಿಗೆ ಅರ್ಹ ಎಂಬ ನಿಲುವನ್ನು ನ್ಯಾಯಾಲಯ ತಾಳಿತು. ಮುಂದೆ ಈ ನಿಲುವು 'ನಲ್ಲತಂಗಾಳ್ ಸಿಂಡ್ರೋಮ್' ಎಂಬ ಹೆಸರಿನಿಂದಲೇ ಪ್ರಸಿದ್ಧವಾಯಿತು.

ಇಲ್ಲಿ ಒಂದು ಅಂಶ ಗಮನಾರ್ಹ. ನಿರಂತರ ಹಿಂಸೆಯ ಸತ್ಯವನ್ನು ಕಾನೂನು ಗುರುತಿಸಿದ್ದು ಹೆಣ್ಣು ತನ್ನನ್ನೂ ತನ್ನ ಮಕ್ಕಳನ್ನೂ ನಾಶಮಾಡಿಕೊಳ್ಳಲು ಹೊರಟ ಸಂದರ್ಭದಲ್ಲಿ. ಅವಳ ಸಿಟ್ಟು ಒಳಮುಖವಾದಾಗ ಅನುಕಂಪ ಸುಲಭವಾಗಿ ಒದಗಿತು. ಹೊಡೆಯುತ್ತಿದ್ದ ಗಂಡನ ಕೈಯಿಂದಲೇ ಕಟ್ಟಿಗೆಯನ್ನು ಕಸಿದು ತಿರುಗಿ ಹೊಡೆದು ಕೊಂದವಳ ಪ್ರಕರಣದಲ್ಲಿ ಗುವಾಹಟಿ ಉಚ್ಚ ನ್ಯಾಯಾಲಯವು ಇದೇ ತರ್ಕವನ್ನು ಅನ್ವಯಿಸಿ, ಕೊಲೆಯ ಅಪರಾಧವನ್ನು ಅದಕ್ಕಿಂತ ಕಡಿಮೆಯ ಅಪರಾಧಕ್ಕೆ ಇಳಿಸಿದ್ದು 2013ರಲ್ಲಿ. ನಡುವೆ 24 ವರ್ಷಗಳು ಕಳೆದಿದ್ದವು.

3

ಇದೇ ಸಮಸ್ಯೆ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಚಳವಳಿಯ ರೂಪ ಪಡೆದದ್ದು ಭಾರತೀಯ ಮೂಲದ ಮಹಿಳೆಯೊಬ್ಬರ ಪ್ರಕರಣದಿಂದ. ಪಂಜಾಬಿನಿಂದ ಹೋಗಿ 1979ರಲ್ಲಿ ಮದುವೆಯಾದ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷ ಗಂಡನ ಹಿಂಸೆಯನ್ನು ಅನುಭವಿಸಿದರು. 1989ರ ಮೇ ತಿಂಗಳಿನ ಒಂದು ರಾತ್ರಿ ಮಲಗಿದ್ದ ಗಂಡನಿಗೆ ಬೆಂಕಿ ಹಚ್ಚಿದರು. ಕೆಲವು ದಿನಗಳ ಅನಂತರ ಆತ ಮರಣ ಹೊಂದಿದನು. ಅದೇ ಡಿಸೆಂಬರಿನಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. 1979ರಲ್ಲಿ ಸ್ಥಾಪಿತವಾಗಿದ್ದ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಘಟನೆ ಪ್ರಕರಣವನ್ನು ಕೈಗೆತ್ತಿಕೊಂಡಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಗೊಳಿಸಿ ಮರುವಿಚಾರಣೆಗೆ ಆದೇಶಿಸಿತು. ಅದೇ ವರ್ಷ ಅವರು ಕೊಲೆಗಿಂತ ಕಡಿಮೆಯ ಅಪರಾಧಕ್ಕೆ, ಅದಾಗಲೇ ಅನುಭವಿಸಿದ್ದ ಮೂರು ವರ್ಷ ನಾಲ್ಕು ತಿಂಗಳ ಶಿಕ್ಷೆಯೊಂದಿಗೆ, ಬಿಡುಗಡೆ ಹೊಂದಿದರು.

ಈ ತೀರ್ಪನ್ನು ಸ್ತ್ರೀವಾದಿ ಗೆಲುವೆಂದು ಕೊಂಡಾಡುವುದು ವಾಡಿಕೆ. 2006ರ 'ಪ್ರೊವೋಕ್ಡ್' ಚಲನಚಿತ್ರ ಅದನ್ನು ಇನ್ನಷ್ಟು ಜನಪ್ರಿಯಗೊಳಿಸಿತು. ಆದರೆ ತೀರ್ಪಿನ ಆಧಾರವನ್ನು ಪರಿಶೀಲಿಸಿದರೆ ಬೇರೆಯದೇ ಚಿತ್ರ ದೊರೆಯುತ್ತದೆ. ನಿರಂತರ ಪ್ರಚೋದನೆಯ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. 1949ರಿಂದ ರೂಢಿಯಲ್ಲಿದ್ದ 'ಹಠಾತ್ತಾಗಿ, ತಾತ್ಕಾಲಿಕವಾಗಿ ಹಿಡಿತ ತಪ್ಪುವುದು' ಎಂಬ ಮಾನದಂಡವನ್ನೇ ಎತ್ತಿಹಿಡಿಯಿತು. ಒಪ್ಪಿದ್ದು ಖಿನ್ನತೆಯನ್ನು ಕುರಿತ ವೈದ್ಯಕೀಯ ಸಾಕ್ಷ್ಯವನ್ನು. ಎಂದರೆ, ಆಕೆಗೆ ಬಿಡುಗಡೆ ದೊರೆತದ್ದು ಆಕೆಯ ಭೀತಿ ನ್ಯಾಯವಾದುದು ಎಂಬ ಕಾರಣಕ್ಕಲ್ಲ, ಆಕೆಯ ಮನಸ್ಸು ಅಸ್ವಸ್ಥವಾಗಿತ್ತು ಎಂಬ ಕಾರಣಕ್ಕೆ.

'ಸಿಂಡ್ರೋಮ್' ಎಂಬ ಪರಿಭಾಷೆಯ ಅಪಾಯವೂ ಇದೇ. ಹಿಂಸೆಗೊಳಗಾದವಳನ್ನು ಅದು ರೋಗಿಯನ್ನಾಗಿಸುತ್ತದೆ. ರೋಗಿಗೆ ದೊರೆಯುವುದು ಕನಿಕರವೇ ಹೊರತು ಹಕ್ಕಲ್ಲ. ಅಹ್ಲುವಾಲಿಯಾ ಅವರು 1983ರಲ್ಲೂ 1986ರಲ್ಲೂ ನ್ಯಾಯಾಲಯದಿಂದ ಗಂಡನ ವಿರುದ್ಧ ತಡೆಯಾಜ್ಞೆಗಳನ್ನು ಪಡೆದಿದ್ದರು ಎಂಬ ಸಂಗತಿ ಈ ಹಿನ್ನೆಲೆಯಲ್ಲಿ ಮುಖ್ಯವಾಗುತ್ತದೆ. ಸಾರ್ವಜನಿಕ ರಕ್ಷಣೆಯನ್ನು ಅವರು ಎರಡು ಸಲ ಕೇಳಿದ್ದರು. ಆಜ್ಞೆ ದೊರೆಯಿತು, ಹಿಂಸೆ ನಿಲ್ಲಲಿಲ್ಲ. ಇಂಗ್ಲೆಂಡಿನ 2009ರ ಅಧಿನಿಯಮ ಪ್ರಚೋದನೆಯ ಹಳೆಯ ವಾದವನ್ನು ಕೈಬಿಟ್ಟು, ಹಿಡಿತ ತಪ್ಪುವುದು ಹಠಾತ್ತಾಗಿ ಆಗಬೇಕಿಲ್ಲವೆಂದೂ ತೀವ್ರ ಹಿಂಸೆಯ ಭೀತಿಯೂ ಅದಕ್ಕೆ ಕಾರಣವಾಗಬಲ್ಲದೆಂದೂ ಒಪ್ಪಿತು. ಸಂಗಾತಿಯ ಬದುಕನ್ನು ನಿರಂತರವಾಗಿ ನಿಯಂತ್ರಿಸುವ ವರ್ತನೆಯನ್ನೇ ಅಲ್ಲಿ 2015ರಲ್ಲಿ ಅಪರಾಧವಾಗಿಸಲಾಯಿತು. ಎರಡನೆಯ ಬದಲಾವಣೆಯೇ ಹೆಚ್ಚು ಮೂಲಭೂತವಾದುದು. ಏಕೆಂದರೆ ಅದು ಕೊನೆಯ ಗಳಿಗೆಗಾಗಿ ಕಾಯುವುದಿಲ್ಲ.

4

ಕಾನೂನು ಈಚೆಗೆ ಕಂಡುಕೊಂಡ ಈ ಸಂಗತಿ ಕನ್ನಡದ ಕಥನ ಪರಂಪರೆಗೆ ಹೊಸದಲ್ಲ. ಸಾಹಿತ್ಯಕೃತಿ ಸಮಾಜದ ಅಂಕಿಅಂಶವಲ್ಲ ಎಂಬ ಎಚ್ಚರವನ್ನು ಇಟ್ಟುಕೊಂಡೇ, ಹೇಳಿಕೊಳ್ಳುವ ಮತ್ತು ಕೇಳಿಸಿಕೊಳ್ಳುವ ಕ್ರಿಯೆಗಳನ್ನು ಅದು ಹೇಗೆ ಕಂಡಿದೆ ಎಂಬುದನ್ನು ಗಮನಿಸಬಹುದು.

'ಕೆರೆಗೆ ಹಾರ' ಕಥನಗೀತವನ್ನು ನಾವು ತ್ಯಾಗದ ಕಥೆಯಾಗಿ ಓದುತ್ತ ಬಂದಿದ್ದೇವೆ. ಅದು ಬಲಿಯ ಕಥೆಯೆಂಬ ಮರು ಓದುಗಳೂ ಬಂದಿವೆ. ಇಲ್ಲಿರುವುದು ದಿನನಿತ್ಯದ ಹೊಡೆತವಲ್ಲ, ಊರ ಹಿತದ ಹೆಸರಿನಲ್ಲಿ ಮನೆಯವರೇ ಕೈಗೊಂಡ ಒಂದು ನಿರ್ಧಾರ. ಆದರೂ ಅದರ ನಡುಭಾಗ ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ತನ್ನನ್ನು ಕೆರೆಗೆ ಆಹಾರವಾಗಿ ಕೊಡುವರೆಂದು ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಅವಳ ಬಾಡಿದ ಮುಖವನ್ನು ಕಂಡು ಹೆತ್ತವರು ಕಾರಣ ಕೇಳುತ್ತಾರೆ. ಅವಳು ನಿಜವನ್ನು ಮುಚ್ಚಿ, ಅತ್ತೆಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ನಿಜವನ್ನು ಹೇಳುವುದು ಗೆಳತಿಗೆ ಮಾತ್ರ. ಆ ಗೆಳತಿ ಹೇಳುವುದು ಇಟ್ಟ ಹಾಗೆ ಇರಬೇಕೆಂಬ ಸಮಾಧಾನವನ್ನು. ಭಾಗೀರಥಿಗೆ ಸಮಯವಿತ್ತು, ಹೋಗಲು ತವರಿತ್ತು, ಹೇಳಿಕೊಳ್ಳಲು ಗೆಳತಿಯಿದ್ದಳು. ಅವಳನ್ನು ಉಳಿಸಬಲ್ಲ ಮಾತು ಮಾತ್ರ ಯಾರ ಬಳಿಯೂ ಇರಲಿಲ್ಲ. ಅವಳು ಮನೆ ಬಿಟ್ಟು ಏಕೆ ಹೊರಬರಲಿಲ್ಲ ಎಂಬ ಪ್ರಶ್ನೆ ಇಲ್ಲಿ ಅರ್ಥವನ್ನೇ ಕಳೆದುಕೊಳ್ಳುತ್ತದೆ. ಅವಳು ಹೊರಬಂದಿದ್ದಳು, ಮರಳಿ ಹೋದಳು.

ಗಿರೀಶ ಕಾರ್ನಾಡರ 'ನಾಗಮಂಡಲ' (1988) ಇದನ್ನೇ ಇನ್ನೊಂದು ದಿಕ್ಕಿನಿಂದ ಕಾಣಿಸುತ್ತದೆ. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ ಬೀಗ ಹಾಕುತ್ತಾನೆ. ಮಧ್ಯಾಹ್ನದ ಊಟಕ್ಕಷ್ಟೇ ಬರುತ್ತಾನೆ. ರಾಣಿಗೆ ದೊರೆಯುವ ಒಂದೇ ಸಾಧನ ಕುರುಡವ್ವ ಕೊಟ್ಟ ಬೇರು. ಅದನ್ನು ಬೆರೆಸಿದ ಸಾರು ರಕ್ತದಂತೆ ಕೆಂಪಾಗಿ ಕುದಿಯುವುದನ್ನು ಕಂಡು, ಗಂಡನಿಗೆ ಕೇಡಾದೀತೆಂದು ಹೆದರಿ ಅವಳು ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ತನ್ನನ್ನು ಕೂಡಿಹಾಕಿದವನ ಕ್ಷೇಮವನ್ನು ಕಾಯುವ ಈ ಕೈ, ಆತ್ಮರಕ್ಷಣೆಯ ಚರ್ಚೆ ಮರೆಯುವ ಬಹುಸಂಖ್ಯಾತ ಹೆಂಗಸರ ಕೈ. ತಿರುಗಿ ಹೊಡೆಯುವವರು ವಿರಳ. ಸಾರನ್ನು ಚೆಲ್ಲುವವರೇ ಹೆಚ್ಚು. ಮುಂದೆ ಪಂಚರ ಎದುರು ಪರೀಕ್ಷೆಗೊಳಗಾಗುವುದು ರಾಣಿಯ ಶೀಲವೇ ಹೊರತು ಅಪ್ಪಣ್ಣನ ಬೀಗವಲ್ಲ. ಅವಳಿಗೆ ಮನ್ನಣೆ ದೊರೆಯುವುದೂ ದೇವತೆಯಾದ ಮೇಲೆ. ನ್ಯಾಯಾಲಯ ಹೆಣ್ಣನ್ನು ರೋಗಿಯಾಗಿಸಿ ಬಿಡುಗಡೆ ಮಾಡಿದರೆ, ಊರು ಅವಳನ್ನು ದೇವತೆಯಾಗಿಸಿ ಬಿಡುಗಡೆ ಮಾಡುತ್ತದೆ. ಸಾಮಾನ್ಯಳಾಗಿ ಉಳಿದು ನ್ಯಾಯ ಪಡೆಯುವ ದಾರಿ ಎರಡೂ ಕಡೆ ಕಾಣದು.

5

ಈ ದಾರಿಯನ್ನು ತೆರೆಯುವ ಪ್ರಯತ್ನವೆಂದೇ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ಸಂರಕ್ಷಿಸುವ 2005ರ ಅಧಿನಿಯಮವನ್ನು ನೋಡಬೇಕಾಗುತ್ತದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಈ ಕಾನೂನು ದೈಹಿಕ ಹಿಂಸೆಯೊಡನೆ ಲೈಂಗಿಕ, ಮೌಖಿಕ, ಭಾವನಾತ್ಮಕ ಹಾಗೂ ಆರ್ಥಿಕ ಹಿಂಸೆಯನ್ನೂ ದೌರ್ಜನ್ಯವೆಂದು ಗುರುತಿಸಿತು. ವಾಸದ ಮನೆಯಲ್ಲಿ ಉಳಿಯುವ ಹಕ್ಕನ್ನು ಕೊಟ್ಟಿತು. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ನಡೆಯಬೇಕೆಂದೂ, 60 ದಿನಗಳಲ್ಲಿ ಇತ್ಯರ್ಥಕ್ಕೆ ಯತ್ನಿಸಬೇಕೆಂದೂ ವಿಧಿಸಿತು. ರಕ್ಷಣಾಧಿಕಾರಿ ಎಂಬ ಹುದ್ದೆಯನ್ನು ಕಲ್ಪಿಸಿ, ದೂರುದಾರಳಿಗೂ ನ್ಯಾಯಾಲಯಕ್ಕೂ ನಡುವೆ ಸೇತುವೆ ಹಾಕಿತು. ಆದರೆ ಹಲವೆಡೆ ಈ ಹೊಣೆಯನ್ನು ಬೇರೆ ಕೆಲಸಗಳಿರುವ ಅಧಿಕಾರಿಗಳಿಗೇ ಹೆಚ್ಚುವರಿಯಾಗಿ ವಹಿಸಲಾಯಿತು. ಜಿಲ್ಲೆ, ತಾಲ್ಲೂಕು ಮಟ್ಟಗಳಲ್ಲಿ ರಕ್ಷಣಾಧಿಕಾರಿಗಳನ್ನು ನಿಯೋಜಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರಲ್ಲೂ ರಾಜ್ಯಗಳಿಗೆ ನಿರ್ದೇಶಿಸಬೇಕಾಯಿತು ಎಂಬುದೇ ಪರಿಸ್ಥಿತಿಯನ್ನು ಸೂಚಿಸುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ. 44ರಷ್ಟು ಮಂದಿ ಗಂಡನ ಹಿಂಸೆಯನ್ನು ಅನುಭವಿಸಿದ್ದರು. 2015-16ರಲ್ಲಿ ಇದು ಶೇ. 21ರ ಸಮೀಪದಲ್ಲಿತ್ತು. ಏರಿಕೆಯ ಎಷ್ಟು ಪಾಲು ಹಿಂಸೆಯದು, ಎಷ್ಟು ಪಾಲು ಹೇಳಿಕೊಳ್ಳುವ ಧೈರ್ಯದ್ದು ಎಂಬುದನ್ನು ಈ ಅಂಕಿಗಳೇ ಬಿಡಿಸಿ ಹೇಳವು. ಆದರೆ ಅದೇ ಸಮೀಕ್ಷೆಯಲ್ಲಿ, ಹಿಂಸೆಗೊಳಗಾದ ದೇಶದ ಮಹಿಳೆಯರಲ್ಲಿ ಶೇ. 77ರಷ್ಟು ಮಂದಿ ಯಾರ ನೆರವನ್ನೂ ಕೇಳಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ನೆರವು ಕೇಳಿದವರು ಶೇ. 14 ಮಾತ್ರ. ಹೆತ್ತವರೆದುರು ಸುಳ್ಳು ಹೇಳಿದ ಭಾಗೀರಥಿಯ ಮೌನ ಇನ್ನೂ ಮುಗಿದಿಲ್ಲ.

1983ರಲ್ಲಿ ಸೇರ್ಪಡೆಯಾದ 498-ಎ ಕಲಮಿನ ದುರುಪಯೋಗವನ್ನು ಕುರಿತ ವಾದವನ್ನು ಇಲ್ಲಿ ಪ್ರಸ್ತಾಪಿಸದಿರಲಾಗದು. ಯಾಂತ್ರಿಕ ಬಂಧನ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿದ್ದು ಸರಿಯಾದ ಎಚ್ಚರಿಕೆಯೇ. ಆರೋಪಿಯ ಹಕ್ಕು ಕೂಡ ಹಕ್ಕೇ. ಆದರೆ ದೂರು ಕೊಟ್ಟವರ ಪ್ರಾಮಾಣಿಕತೆಯ ಬಗ್ಗೆ ನಡೆಯುವ ಚರ್ಚೆ, ದೂರು ಕೊಡದವರ ಮೌನವನ್ನು ಮರೆಮಾಡಬಾರದು.

ಗಂಡನನ್ನು ಕೊಲ್ಲುವುದಕ್ಕೆ ಕಾನೂನು ಪರವಾನಗಿ ಕೊಡಬೇಕೆಂಬುದು ಈ ಲೇಖನದ ವಾದವಲ್ಲ. ವಾದ ಇಷ್ಟೇ: ರಕ್ಷಣೆ ಕೇಳಲು ಸಮಯವಿತ್ತು ಎಂಬ ಕಾರಣದಿಂದ ಆತ್ಮರಕ್ಷಣೆಯ ಹಕ್ಕನ್ನು ನಿರಾಕರಿಸುವ ನ್ಯಾಯವ್ಯವಸ್ಥೆ, ಆ ಸಮಯದಲ್ಲಿ ರಕ್ಷಣೆ ನಿಜವಾಗಿಯೂ ದೊರೆಯುವಂತಿತ್ತೇ ಎಂಬುದನ್ನೂ ವಿಚಾರಣೆಯ ಭಾಗವಾಗಿಸಬೇಕು. ಯಾವ ಠಾಣೆಗೆ ಹೋಗಿದ್ದಳು, ಯಾವ ಅಧಿಕಾರಿ ಏನು ಹೇಳಿದರು, ತವರು ಏನೆಂದು ಮರಳಿ ಕಳಿಸಿತು ಎಂಬ ವಿವರಗಳು ಕನಿಕರ ಹುಟ್ಟಿಸುವ ಹಿನ್ನೆಲೆ ಮಾತ್ರವಲ್ಲ, ಸಾಕ್ಷ್ಯಗಳು. ಹೀಗೆ ನೋಡಿದಾಗ ಆತ್ಮರಕ್ಷಣೆಯ ಪ್ರತಿಯೊಂದು ಪ್ರಕರಣವೂ ತಡೆಯ ವ್ಯವಸ್ಥೆಯ ಮೇಲಿನ ತೀರ್ಪೂ ಆಗುತ್ತದೆ. ಗೆಳತಿ, ತವರು, ಠಾಣೆ, ರಕ್ಷಣಾಧಿಕಾರಿ ಇವರಲ್ಲಿ ಒಬ್ಬರಾದರೂ ಇಟ್ಟ ಹಾಗೆ ಇರು ಎನ್ನದೆ ಬೇರೆ ಮಾತನ್ನು ಆಡುವಂತಾದಾಗ, ಆ ಕೊನೆಯ ಗಳಿಗೆಯನ್ನು ಕುರಿತ ಚರ್ಚೆಯ ಅಗತ್ಯವೂ ಕಡಿಮೆಯಾದೀತು.