ಮೆಟ್ಟುಕತ್ತಿ ಯಾವುದಾದರೇನು?

ನಾನು ಕೇಳಿದ ಜಗಳಗಳಲ್ಲೆಲ್ಲ ಅತಿ ನಿರುಪದ್ರವಿಯಾದದ್ದು ಕಂಪ್ಯೂಟರ್ ಪ್ರೋಗ್ರಾಮರುಗಳ ಎಡಿಟರ್ ಜಗಳ. ಎಡಿಟರ್ ಎಂದರೆ ಇಲ್ಲಿ ಪತ್ರಿಕೆಯ ಸಂಪಾದಕರಲ್ಲ. ಬಣ್ಣ, ಅಲಂಕಾರ ಏನೂ ಇಲ್ಲದೆ ಬರೀ ಅಕ್ಷರಗಳನ್ನು ಬರೆದು ತಿದ್ದಿ ಇಡುವ ಒಂದು ಸಾಧನ. ನಮ್ಮ ಅಡುಗೆಮನೆಗೆ ಮೆಟ್ಟುಕತ್ತಿ ಹೇಗೋ ಅವರಿಗೆ ಅದು ಹಾಗೆ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ನೆಂಟರ ಮಕ್ಕಳು ಭಾನುವಾರ ಕಲ್ಯಾಣಪುರದ ನಮ್ಮ ಮನೆಗೆ ಊಟಕ್ಕೆ ಬಂದಾಗ, ಕೊದ್ದೆಲ್ ಬಡಿಸುತ್ತಾ ಈ ಜಗಳವನ್ನು ಸಾಕಷ್ಟು ಕೇಳಿದ್ದೇನೆ.

ಕಕ್ಷಿಗಳು ಎರಡು. ‘ವಿಐ’ ಎಂಬುದನ್ನು 1976ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಬಿಲ್ ಜಾಯ್ ಬರೆದರು. ‘ಈಮ್ಯಾಕ್ಸ್’ ಅದೇ ವರ್ಷ ಎಂ.ಐ.ಟಿ.ಯಲ್ಲಿ (ನಮ್ಮ ಮಣಿಪಾಲದ್ದಲ್ಲ, ಅಮೆರಿಕದ್ದು) ರಿಚರ್ಡ್ ಸ್ಟಾಲ್ಮನ್ ಮತ್ತು ಗೈ ಸ್ಟೀಲ್ ಅವರ ಕೈಯಲ್ಲಿ ರೂಪುಗೊಂಡಿತು. ವಿಐಯಲ್ಲಿ ಒಂದೇ ಕೀಲಿ ಒಮ್ಮೆ ಅಕ್ಷರ, ಇನ್ನೊಮ್ಮೆ ಆಜ್ಞೆ. ಈಗ ಯಾವುದು ಎಂಬ ಎಚ್ಚರ ಬೇಕು. ಈಮ್ಯಾಕ್ಸಿನಲ್ಲಿ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಆಜ್ಞೆ ಕೊಡಬೇಕು. ಕಿರುಬೆರಳು ನೋಯುತ್ತದೆ ಎಂದು ಎದುರು ಕಕ್ಷಿಯ ಗೇಲಿ. ಸ್ಟಾಲ್ಮನ್ನರಂತೂ ಸಭೆಗಳಲ್ಲಿ ನಿಲುವಂಗಿ ತೊಟ್ಟು, ತಲೆಯ ಹಿಂದೆ ಹಳೆಯ ಡಿಸ್ಕೊಂದನ್ನು ಪ್ರಭಾವಳಿಯಂತೆ ಇಟ್ಟುಕೊಂಡು, ವಿಐ ಬಳಸುವುದು ಪಾಪವೇನಲ್ಲ, ಅದೊಂದು ಪ್ರಾಯಶ್ಚಿತ್ತ ಎಂಬರ್ಥದ ಮಾತಾಡಿ ನಗಿಸುವವರು.

ಈ ತಮಾಷೆಯಲ್ಲಿ ನನಗೆ ಒಪ್ಪಿಗೆಯಾಗದ ಒಂದು ಅಂಶವಿದೆ. ಕಷ್ಟಪಟ್ಟು ಕಲಿತವರಿಗೆ ಆ ಕಷ್ಟವೇ ಒಂದು ಒಡವೆಯಾಗಿಬಿಡುತ್ತದೆ. ಹೊಸದಾಗಿ ಬಂದವರು ತಡವರಿಸಿದರೆ ನಗು. ವಿಐಯ ಮುಂದಿನ ಪೀಳಿಗೆಯಾದ ‘ವಿಮ್’ನಿಂದ ಹೊರಗೆ ಬರುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಹತ್ತು ಲಕ್ಷಕ್ಕೂ ಹೆಚ್ಚು ಸಲ ಜನ ತೆರೆದು ನೋಡಿದ್ದಾರೆಂದು ಸ್ಟ್ಯಾಕ್ ಓವರ್‌ಫ್ಲೋ ಸಂಸ್ಥೆ 2017ರಲ್ಲಿ ಹೇಳಿತು. ಬಾಗಿಲು ಕಾಣದ ಮನೆ ಕಟ್ಟಿ, ಒಳಗೆ ಸಿಕ್ಕಿಬಿದ್ದವರನ್ನು ದಡ್ಡರೆಂದರೆ ಹೇಗೆ? ಆದರೆ ಅದೇ ವಿಮ್ ಅನ್ನು 1991ರಲ್ಲಿ ಹೊರತಂದ ಬ್ರಾಮ್ ಮೂಲೆನಾರ್ ಅದನ್ನು ಉಚಿತವಾಗಿ ಕೊಟ್ಟು, ಉಪಯೋಗವಾಯಿತೆನಿಸಿದರೆ ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂದಷ್ಟೇ ಕೇಳಿಕೊಂಡರು. 2023ರಲ್ಲಿ ಅವರು ತೀರಿಕೊಂಡಾಗ ದುಃಖಪಟ್ಟವರಲ್ಲಿ ಎದುರು ಕಕ್ಷಿಯವರೂ ಇದ್ದರು.

ಇಷ್ಟು ವರ್ಷದ ಜಗಳ ಹಗೆಯಾಗದೆ ಉಳಿದದ್ದು ಹೇಗೆ? ಅವರೆಲ್ಲ ಸಜ್ಜನರೆಂದೇ? ಇರಬಹುದು. ಆದರೆ ನಿಜವಾದ ಕಾರಣ ಬೇರೆ ಎಂದು ನನ್ನ ಎಣಿಕೆ. ವಿಐಯಲ್ಲಿ ಬರೆದ ಕಡತವನ್ನು ಈಮ್ಯಾಕ್ಸಿನಲ್ಲಿ ತೆರೆದರೆ ಒಂದಕ್ಷರವೂ ಕೆಡುವುದಿಲ್ಲ. ಸೌತೆಕಾಯಿಯನ್ನು ಮೆಟ್ಟುಕತ್ತಿಯಲ್ಲಿ ಹೆಚ್ಚಿದರೂ ಚೂರಿಯಲ್ಲಿ ಹೆಚ್ಚಿದರೂ ಹೋಳು ಬೀಳುವುದು ಒಂದೇ ಪಾತ್ರೆಗೆ. ಪಾತ್ರೆ ಒಂದೇ ಆದಾಗ ಜಗಳ ವಿನೋದವಾಗುತ್ತದೆ.

ನಮ್ಮ ಕನ್ನಡದಲ್ಲಿ ಹಾಗಿರಲಿಲ್ಲ. ಇಲ್ಲಿಯೂ ಪಕ್ಷಗಳಿದ್ದವು, ಈಗಲೂ ಇವೆ. ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್ ಅವರ ಕೀಲಿಮಣೆ ಒಂದು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರು ತಂದ ‘ಬರಹ’ ಇನ್ನೊಂದು. ರಾವ್ ಅವರ ಕ್ರಮದಲ್ಲಿ ‘ಕನ್ನಡ’ ಎಂದು ಬರೆಯಲು ಐದು ಕೀಲಿ ಸಾಕು, ಏಕೆಂದರೆ ವ್ಯಂಜನದೊಳಗೇ ‘ಅ’ಕಾರವಿದೆ. ಇಂಗ್ಲಿಷ್ ಕಾಗುಣಿತದ ಹಾದಿಯ ‘ಬರಹ’ದಲ್ಲಿ ಏಳು ಬೇಕು. ‘ಕಲ್ಯಾಣಪುರ’ಕ್ಕೆ ಅಲ್ಲಿ ಒಂಬತ್ತು, ಇಲ್ಲಿ ಹನ್ನೊಂದು. ನನ್ನ ಒಲವು ಮೊದಲನೆಯದಕ್ಕೆ. ಕನ್ನಡದ ಸ್ವಭಾವ ತಿಳಿದು ಮಾಡಿದ ಕೆಲಸ ಅದು. ಆದರೆ ದೂರದೇಶದಲ್ಲಿ ಕುಳಿತು ಇಂಗ್ಲಿಷ್ ಕೀಲಿಗಳನ್ನಷ್ಟೇ ಬಲ್ಲ ಎಷ್ಟೋ ಮಂದಿ ‘ಬರಹ’ದಿಂದಾಗಿ ಅಮ್ಮನಿಗೆ ಕನ್ನಡದಲ್ಲಿ ಕಾಗದ ಬರೆದರೆಂಬುದನ್ನೂ ಮರೆಯಬಾರದು.

ಹಾನಿಯಾದದ್ದು ಕೀಲಿಯಿಂದಲ್ಲ, ಅಕ್ಷರವನ್ನು ಒಳಗೆ ಕೂಡಿಡುವ ಕ್ರಮದಿಂದ. ಒಬ್ಬೊಬ್ಬರದು ಒಂದೊಂದು ಗುಟ್ಟಿನ ಲೆಕ್ಕ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಬರೀ ಗೋಜಲು. ನಮ್ಮಮ್ಮ ಹೇಳಿದ ಮದುವೆ ಹಾಡುಗಳನ್ನು 1999ರಲ್ಲಿ ಒಂದು ಅಂಗಡಿಯಲ್ಲಿ ಟೈಪು ಮಾಡಿಸಿ ಫ್ಲಾಪಿಯಲ್ಲಿ ಇಟ್ಟಿದ್ದೆ. ಅಮ್ಮ ಹೋದ ಮೇಲೆ, 2006ರಲ್ಲಿ, ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಅಂಗಡಿ ಮುಚ್ಚಿತ್ತು, ಯಾವ ಅಕ್ಷರಶೈಲಿ ಎಂದು ಹೇಳಬಲ್ಲವರೂ ಇರಲಿಲ್ಲ. ಕಾಗದಕ್ಕೆ ಇಳಿಸಿದ್ದ ಹನ್ನೆರಡು ಹಾಡು ಉಳಿದವು. ಮಿಕ್ಕವನ್ನು ಇನ್ನು ಯಾರ ಬಾಯಿಂದ ಕೇಳಲಿ?

ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆ ಒಂದೇ ಪಾತ್ರೆ ನಮ್ಮ ಮನೆಗಳನ್ನು ತಲುಪಲು ಮಾತ್ರ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಈಗ ಅದಿದೆ. ಆದ್ದರಿಂದ ನಿಮ್ಮ ಮಗ, ಸೊಸೆ ಯಾವ ಎಡಿಟರ್ ಮೇಲೆಂದು ವಾದಿಸಲಿ, ಅಡ್ಡಿಯಿಲ್ಲ. ನೀವು ಕೇಳಬೇಕಾದ ಪ್ರಶ್ನೆ ಒಂದೇ: ‘ಮಗಾ, ನಾನು ಬರೆದದ್ದು ನಾಳೆ ಬೇರೆಯವರ ಯಂತ್ರದಲ್ಲೂ ತೆರೆಯುತ್ತದಾ?’