ಒಂದೇ ನಡೆ, ಹಲವು ಪಾಠ

ಸ್ಯಾಮ್ ಬಾರ್ಲೋ 1999ರಲ್ಲಿ ರಚಿಸಿದ ‘ಐಲ್’ ಬರಹದ ಮೂಲಕವೇ ಆಡುವ ಕಂಪ್ಯೂಟರ್ ಆಟ. ರಾತ್ರಿಯ ಹೊತ್ತು, ಸೂಪರ್ ಮಾರ್ಕೆಟ್ಟಿನಲ್ಲಿ ‘ನ್ಯೋಕಿ’ ಎಂಬ ಇಟಲಿಯ ತಿನಿಸಿನ ಮುಂದೆ ಒಬ್ಬಾತ ನಿಂತಿದ್ದಾನೆ, ಸಮೀಪದಲ್ಲೊಬ್ಬ ಹೆಂಗಸು. ಆಡುವವರು ಒಂದೇ ಒಂದು ಆಜ್ಞೆಯನ್ನು ಬರೆಯಬಹುದು. ಅದಕ್ಕೆ ದೊರೆತ ಉತ್ತರದೊಡನೆ ಕಥೆ ಮುಗಿಯುತ್ತದೆ.

ಎಲ್ಲ ಕಥೆಗಳೂ ಒಬ್ಬನೇ ಮನುಷ್ಯನವಲ್ಲವೆಂದು ಆರಂಭದಲ್ಲೇ ಸೂಚನೆಯಿದೆ. ಆದರೂ ಆಡಿದವರು ಸುಮ್ಮನಾಗಲಿಲ್ಲ. ಮತ್ತೆ ಮತ್ತೆ ಆಡಿ, ರೋಮ್ ನಗರದ ನೆನಪು, ಕ್ಲೇರ್ ಎಂಬಾಕೆಯ ಪ್ರಸಂಗಗಳನ್ನು ಹೆಕ್ಕಿ ಒಂದೇ ಜೀವನಚರಿತ್ರೆಯಾಗಿ ಹೊಲಿಯತೊಡಗಿದರು. ಪಾಠಾಂತರಗಳಿಂದ ಮೂಲಪಾಠವನ್ನು ಅರಸುವ ನಮಗೆ ಈ ಹಟ ಅಪರಿಚಿತವಲ್ಲ. ಆದರೆ ಹಸ್ತಪ್ರತಿಗಳ ಹಿಂದೆ ಕಳೆದುಹೋದ ಮೂಲವೊಂದನ್ನು ಊಹಿಸಲು ಆಧಾರವುಂಟು. ಇಲ್ಲಿ ಭೇದಗಳೇ ಕೃತಿ. ಅವನ್ನು ಸರಿಪಡಿಸಿದರೆ ಆ ಮನುಷ್ಯನ ದುಃಖವೂ ಅಳಿಸಿಹೋಗುತ್ತದೆ. ಹಾಗೆಂದು ಒಮ್ಮೆ ಆಡಿ ಬಿಟ್ಟವರ ಪಕ್ಷವನ್ನೂ ನಾವು ಒಪ್ಪಲಾರೆವು: ಅವರ ಕೈಗೆ ಸಿಗುವುದು ಬಹುಶಃ ನ್ಯೋಕಿಯ ಪೊಟ್ಟಣವಷ್ಟೇ.

2001ರಲ್ಲಿ ಹಲವರು ಕೂಡಿ ಬರೆದ ಅಣಕ, ‘ಪಿಕ್ ಅಪ್ ದ ಫೋನ್ ಬೂತ್ ಅಂಡ್ ಐಲ್’, ನಮ್ಮ ದೃಷ್ಟಿಯಲ್ಲಿ ಅತ್ಯಂತ ಚುರುಕಾದ ಪ್ರತಿಕ್ರಿಯೆ. ಅಲ್ಲಿಯೂ ಒಂದೇ ನಡೆ, ಅಸಂಖ್ಯ ಮುಕ್ತಾಯ. ಉಳಿದಿರುವುದು ನಗು ಮಾತ್ರ. ಅದನ್ನು ಆಡಿದ ಮೇಲೆ ಕ್ಲೇರಳ ಹೆಸರು ಇನ್ನಷ್ಟು ಭಾರವಾಗಿ ಕೇಳಿಸುತ್ತದೆ.