‘ಸೀಯ’ ಶಬ್ದದ ದ್ರವ್ಯಾರ್ಥ ಮತ್ತು ಭಾವಾರ್ಥ

ಆಚಾರಾಂಗದ ಪ್ರಥಮ ಶ್ರುತಸ್ಕಂಧದ ಮೂರನೆಯ ಅಧ್ಯಯನಕ್ಕೆ ‘ಸೀಓಸಣಿಜ್ಜ’, ಎಂದರೆ ‘ಶೀತೋಷ್ಣೀಯ’, ಎಂದು ಹೆಸರು. ಹೆಸರನ್ನು ಕೇಳಿದೊಡನೆ ಚಳಿ ಬಿಸಿಲುಗಳ ಬಾಧೆಯನ್ನು ಮುನಿಯು ಸಹಿಸುವ ಕ್ರಮವೇ ಅದರ ವಿಷಯವೆಂದು ತೋರುವುದು ಸಹಜ. ಆದರೆ ಅಧ್ಯಯನವು ಪ್ರಾರಂಭವಾಗುವುದು ನಿದ್ರೆ ಮತ್ತು ಎಚ್ಚರಗಳ ವಿಚಾರದಿಂದ. ಹೆಸರಿಗೂ ಪ್ರಾರಂಭಕ್ಕೂ ಇರುವ ಸಂಬಂಧವು ‘ಸೀಯ’ ಶಬ್ದದ ಅರ್ಥನಿರ್ಣಯವಾಗದೆ ಸ್ಪಷ್ಟವಾಗದು. ಈಗ ಉಪಲಬ್ಧವಿರುವ ಆಚಾರಾಂಗವನ್ನು ದಿಗಂಬರ ಪರಂಪರೆಯು ಮೂಲ ಅಂಗವೆಂದು ಅಂಗೀಕರಿಸದಿದ್ದರೂ, ಶಬ್ದಾರ್ಥವಿಚಾರದ ಮಟ್ಟಿಗೆ ಈ ಪ್ರಕರಣವು ಉಭಯ ಸಂಪ್ರದಾಯದ ವಿದ್ವಾಂಸರಿಗೂ ಉಪಾದೇಯವಾಗಿದೆ.

ಶೀತವು ಮೂಲತಃ ಪುದ್ಗಲದ ಸ್ಪರ್ಶಗುಣ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎಣಿಸುವ 8 ಸ್ಪರ್ಶಗಳಲ್ಲಿ ಅದೂ ಒಂದು. ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು ಹೇಳುವ 22 ಪರೀಷಹಗಳಲ್ಲಿ ಅದು ಮೂರನೆಯದು. ಶೌರಸೇನಿಯ ‘ಸೀದ’, ಅರ್ಧಮಾಗಧಿಯ ‘ಸೀಯ’ ಎರಡೂ ಈ ಶಬ್ದದ ರೂಪಗಳೇ. ಇಷ್ಟರಲ್ಲಿ ಅರ್ಥಸಂದೇಹಕ್ಕೆ ಎಡೆಯಿಲ್ಲ.

ಭದ್ರಬಾಹುಕೃತವೆಂದು ಪ್ರಸಿದ್ಧವಾದ ನಿರ್ಯುಕ್ತಿಯು ಈ ಶಬ್ದವನ್ನು ನಿಕ್ಷೇಪಕ್ರಮದಿಂದ ವಿವರಿಸುತ್ತದೆ. ಹಿಮ ಮೊದಲಾದುದು ದ್ರವ್ಯಶೀತ. ಭಾವದಲ್ಲಾದರೋ ಪರೀಷಹ, ಪ್ರಮಾದ, ಉಪಶಮ, ವಿರತಿ, ಸುಖ ಇವು ಶೀತ. ಪರೀಷಹ, ತಪಸ್ಸಿನಲ್ಲಿ ಉದ್ಯಮ, ಕಷಾಯ, ಶೋಕ, ವೇದ, ಅರತಿ, ದುಃಖ ಇವು ಉಷ್ಣ. ಪರೀಷಹವು ಎರಡು ಕಡೆಯೂ ಬಂದಿರುವುದು ಲೇಖಕಪ್ರಮಾದವಲ್ಲ. ಸ್ತ್ರೀಪರೀಷಹ, ಸತ್ಕಾರಪರೀಷಹ ಇವೆರಡೇ ಭಾವಶೀತ, ಮಿಕ್ಕ 20 ಉಷ್ಣವೆಂದು ನಿರ್ಯುಕ್ತಿಯೇ ವಿಭಾಗಿಸಿದೆ. ಈ ಲೆಕ್ಕದಂತೆ ಶೀತಪರೀಷಹವೂ ಉಷ್ಣಗಳ ಸಾಲಿಗೇ ಸೇರುತ್ತದೆ! ಮೈಯನ್ನು ನಡುಗಿಸುವ ಚಳಿ ಮನಸ್ಸನ್ನು ಸುಡುತ್ತದೆ. ಮನಸ್ಸಿಗೆ ತಂಪೆನಿಸುವ ಸತ್ಕಾರವೂ ಗೆಲ್ಲಬೇಕಾದ ಪರೀಷಹವೇ. ಆದುದರಿಂದ ಭಾವಾರ್ಥವು ದ್ರವ್ಯಾರ್ಥದ ಛಾಯೆಯಲ್ಲ. ಕೆಲವೆಡೆ ಅದಕ್ಕೆ ವಿರುದ್ಧವೂ ಆಗುತ್ತದೆ.

ಇಲ್ಲಿ ಒಂದು ಶಂಕೆ ಏಳುತ್ತದೆ. ಹೇಯವಾದ ಪ್ರಮಾದವೂ ಉಪಾದೇಯವಾದ ಉಪಶಮವೂ ಒಂದೇ ಶೀತಶಬ್ದಕ್ಕೆ ಹೇಗೆ ಅರ್ಥವಾದೀತು? ಸಮಾಧಾನವು ಕನ್ನಡದ ರೂಢಿಯಲ್ಲೇ ಇದೆ. ‘ಕೋಪ ತಣ್ಣಗಾಯಿತು’ ಎಂಬುದು ಪ್ರಶಂಸೆ. ‘ಉತ್ಸಾಹ ತಣ್ಣಗಾಯಿತು’ ಎಂಬುದು ನಿಂದೆ. ತಣಿಯುವಿಕೆ ತಾನಾಗಿ ಗುಣವೂ ಅಲ್ಲ, ದೋಷವೂ ಅಲ್ಲ. ತಣಿದದ್ದು ಕಷಾಯವಾದರೆ ಉಪಶಮ, ಧರ್ಮೋದ್ಯಮವಾದರೆ ಪ್ರಮಾದ. ನಿದ್ರೆ ಎಚ್ಚರಗಳ ಮಾತಿನಿಂದ ಅಧ್ಯಯನವು ತೊಡಗಿರುವುದರ ಔಚಿತ್ಯವೂ ಇದರಿಂದ ವ್ಯಕ್ತವಾಗುತ್ತದೆ.

ಅದೇ ಅಧ್ಯಯನದಲ್ಲಿ ನಿರ್ಗ್ರಂಥನಿಗೆ ‘ಶೀತೋಷ್ಣತ್ಯಾಗಿ’ ಎಂಬ ವಿಶೇಷಣವಿದೆ. ಇದನ್ನು ‘ಚಳಿ ಬಿಸಿಲುಗಳನ್ನು ಬಿಟ್ಟವನು’ ಎಂದು ಅನುವಾದಿಸಿದರೆ ಅರ್ಥ ಕೂಡದು. ಮುನಿಯು ಚಳಿಯನ್ನು ಬಿಟ್ಟು ಬೆಚ್ಚನೆಯ ತಾಣಕ್ಕೆ ಹೋಗುವವನಲ್ಲ, ಅದರ ನಡುವೆಯೇ ನಿಲ್ಲುವವನು. ಅವನು ಬಿಡುವುದು ಅನುಕೂಲದಲ್ಲಿನ ರಾಗವನ್ನು, ಪ್ರತಿಕೂಲದಲ್ಲಿನ ದ್ವೇಷವನ್ನು. ಒಡನೆಯೇ ಅರತಿ ರತಿಗಳನ್ನು ಸಹಿಸುವವನೆಂಬ ಮಾತು ಬರುವುದು ಈ ಅರ್ಥಕ್ಕೆ ಪೋಷಕ. ಹಾಗೆಂದು ಭಾವಾರ್ಥವನ್ನೇ ಹಿಡಿದು ದ್ರವ್ಯಾರ್ಥವನ್ನು ತೊರೆಯುವುದೂ ಯುಕ್ತವಲ್ಲ. ಅಲ್ಲಿಯೇ ಹೇಳಿರುವ ಪರುಷತೆಯು ದೇಹಕ್ಕೆ ತಗಲುವ ಕಾಠಿನ್ಯವನ್ನು ಮರೆಯಗೊಡುವುದಿಲ್ಲ. ದ್ರವ್ಯಾರ್ಥ ಮಾತ್ರ ಉಳಿದರೆ ಚಾರಿತ್ರವು ದೇಹದಂಡನೆಯಾಗಿ ಕಾಣುತ್ತದೆ. ಭಾವಾರ್ಥ ಮಾತ್ರ ಉಳಿದರೆ ಅದು ಬರಿಯ ಮಾತಾಗುತ್ತದೆ.

ಕನ್ನಡದಲ್ಲಿ ಟೀಕೆ ಬರೆಯುವವರಿಗೆ ನಮ್ಮ ನುಡಿ ಒಂದು ಸೌಕರ್ಯವನ್ನು ಒದಗಿಸಿದೆ: ಬಾಧಿಸುವುದು ‘ಚಳಿ’, ಹಿತವಾದುದು ‘ತಂಪು’. ಪರೀಷಹಗಳ ಪಟ್ಟಿಯಲ್ಲಿ ‘ಚಳಿ’ ಎಂದೂ, ಸತ್ಕಾರ ಸುಖಗಳ ಪ್ರಸಂಗದಲ್ಲಿ ‘ತಂಪು’ ಎಂದೂ ಬರೆಯಬಹುದು. ಎರಡು ಅರ್ಥಗಳೂ ಕೂಡಿ ನಿಂತಿರುವ ‘ಶೀತೋಷ್ಣತ್ಯಾಗಿ’ಯಂಥ ಎಡೆಯಲ್ಲಿ ಮಾತ್ರ ಮೂಲಶಬ್ದವನ್ನೇ ಇರಿಸಿಕೊಂಡು, ಉಭಯಾರ್ಥವನ್ನೂ ಟೀಕೆಯಲ್ಲಿ ಬಿಡಿಸಿ ಹೇಳುವುದು ಶ್ರೇಯಸ್ಕರ.